ಐದು ಚುಕ್ಕೆಯ ಕೊಡಲಿ

ತಾರಿಖ್ ಹುಣಸೆ ಕೊರಡಿನ ಮೇಲೆ ಎಡಗಾಲು ಊರಿ, ಅದರಲ್ಲಿ ಸಿಕ್ಕಿಕೊಂಡಿದ್ದ ಕೊಡಲಿಯನ್ನು ಎರಡೂ ಕೈಯಿಂದ ಅಲ್ಲಾಡಿಸುತ್ತಿದ್ದ. ಹಾರ್ಡ್‌ವೇರ್ ಅಂಗಡಿಯಿಂದ ಆಗ ತಾನೇ ತಂದ, ಹಳದಿ ಹಿಡಿಯ ಹೊಸ ಕೊಡಲಿ. ಮೂರನೇ ಏಟಿಗೇ ಕಚ್ಚಿಕೊಂಡದ್ದು ಈಗ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಒಳಗೆ ನಡುಮನೆಯಲ್ಲಿ ಅವನ ಅಪ್ಪ ಗುಲಾಮ್ ನಬಿಯ ದೇಹ ಬಿಳಿ ಬಟ್ಟೆ ಹೊದ್ದು ಮಲಗಿತ್ತು. ಐವತ್ತು ವರ್ಷ ಗುಬ್ಬಿಯಲ್ಲಿ ಕುಲುಮೆ ಹೊತ್ತಿಸಿದ ಮುದುಕರು ಬೆಳಗಿನ ನಮಾಜಿಗೆ ಎದ್ದು, ಕೈಕಾಲು ಮುಖ ತೊಳೆದು ವುಜೂ ಮಾಡಿ, ಹಾಗೇ ಗೋಡೆಗೊರಗಿ ಹೋಗಿಬಿಟ್ಟಿದ್ದರು. ಈಗ ಮಯ್ಯತ್ತಿನ ಕೊನೆಯ ಸ್ನಾನಕ್ಕೆ ಹಂಡೆ ತುಂಬ ನೀರು ಕಾಯಬೇಕು, ಮಧ್ಯಾಹ್ನದ ಜೋಹರ್ ನಮಾಜಿನ ಹೊತ್ತಿಗೆ ಮಸೀದಿ ಮುಟ್ಟಬೇಕು. ತೆಂಗಿನ ಗರಿ, ಮುರುಕು ಕುರ್ಚಿ ಎಲ್ಲ ಉರಿದು ಬೂದಿಯಾದರೂ ನೀರು ಉಗುರುಬೆಚ್ಚಗಷ್ಟೇ ಆಗಿತ್ತು. ಊರಿನ ಸೌದೆ ಡಿಪೋ ಮುಚ್ಚಿ ಎರಡು ವರ್ಷ. ಹಿತ್ತಲಲ್ಲಿ ಒಣಗಿದ್ದೆಂದರೆ ಈ ಹುಣಸೆ ಕೊರಡೊಂದೇ.

"ಬಂದ್ರು ನೋಡಪ್ಪ, ಸದಾಶಿವಯ್ಯನೋರು!" ಎಂದರು ಪಕ್ಕದ ಮನೆಯ ಶಿವರಾಮಯ್ಯ. "ಇನ್ನೇನು ಯೋಚ್ನೆ ಇಲ್ಲ. ಹುಣಸೆ ಬೊಡ್ಡೆ ಅಂದ್ರೆ ಇವರ ಕೈಗೇ ಅಂಜೋದು."

ಕಡಬದ ಬಸ್ಸಿಳಿದು ಬಂದ, ಸೌದೆ ಒಡೆದೇ ಬದುಕಿದ ಸದಾಶಿವಯ್ಯನಿಗೆ ಆ ಮಾತು ಕೇಳಿ ಇನ್ನಷ್ಟು ಸುಸ್ತಾಯಿತು. ಒಳಗೆ ಹೋಗಿ ಗೆಳೆಯನ ಮುಖ ನೋಡಿ ಬಂದ. ಅಳು ಬರಲಿಲ್ಲ. ಎಪ್ಪತ್ತು ವರ್ಷದ ಮೈಗೆ ಅಳುವುದೂ ಒಂದು ಕೆಲಸವೇ. ಅವನ ಬಲಭುಜ ಎದೆಯ ಮಟ್ಟದಿಂದ ಮೇಲೇಳದೆ ನಾಲ್ಕು ವರ್ಷವಾಗಿತ್ತು. ಗುಬ್ಬಿಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ.

"ಇದರ ಕೈಲಿ ಆಗಲ್ಲ ಕಣಪ್ಪ, ಬುಡು," ಎಂದ ತಾರಿಖ್‌ಗೆ. "ಕುಲುಮೇಲಿ ಏನೈತೋ ನೋಡ್ತೀನಿ."

ಕುಲುಮೆ ತಣ್ಣಗಿತ್ತು. ಗೋಡೆಯ ಮೊಳೆಗಳಲ್ಲಿ ಹನ್ನೊಂದು ಕೊಡಲಿ ತಲೆಗಳು ಹಿಡಿಯಲು ಮರದ ಕಾವಿಲ್ಲದೆ ಸಾಲಾಗಿ ನೇತಾಡುತ್ತಿದ್ದವು. ನಬಿ ಪ್ರತಿಯೊಂದಕ್ಕೂ ಉಳಿಯಿಂದ ಚುಕ್ಕೆ ಇಡುತ್ತಿದ್ದರು: ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಎಣಿಸುವ ಅಗತ್ಯ ಸದಾಶಿವಯ್ಯನಿಗಿರಲಿಲ್ಲ. ಒಂದು ಕೆನ್ನೆ ದಪ್ಪ, ಇನ್ನೊಂದು ಕೆನ್ನೆ ತೆಳು. ಹಲ್ಲುನೋವು ಬಂದವರ ಮುಖದ ಹಾಗಿದ್ದ ಐದನೆಯದನ್ನು ಎಡಗೈಯಿಂದ ಇಳಿಸಿಕೊಂಡ.

*

ಹನ್ನೆರಡು ವರ್ಷದ ಹಿಂದೆ ಅದು ಇನ್ನೂ ಬಿಸಿಯಿದ್ದಾಗ ನಬಿ ಮಗುವಿನಂತೆ ನಕ್ಕಿದ್ದರು.

"ತೆಳ್ಳಗೆ ಮಾಡಿದ್ರೆ ಕಚ್ಕೊಳ್ತದೆ. ದಪ್ಪ ಮಾಡಿದ್ರೆ ಒಳಕ್ಕೇ ಹೋಗಲ್ಲ, ಪುಟೀತದೆ. ನಾಲ್ಕು ಸಲ ಸೋತೆ ಕಣಯ್ಯ. ಆಮೇಲೆ ಕೊಡಲಿ ನೋಡೋದು ಬಿಟ್ಟು ನಿನ್ನ ಕೈ ನೋಡ್ದೆ."

"ನನ್ನ ಕೈಲೇನೈತೆ?"

"ಏಟು ಬೀಳೋ ಗಳಿಗೇಲಿ ಮಣಿಕಟ್ಟು ಒಂಚೂರು ತಿರುಗಿಸ್ತೀಯ. ನಿಂಗೇ ಗೊತ್ತಿಲ್ಲ. ಅದಕ್ಕೇ ಮರ ಪಕ್ಕಕ್ಕೆ ಬಿರೀತದೆ. ಒಂದು ಕೆನ್ನೆ ಭಾರ ಮಾಡಿದೀನಿ ನೋಡು. ಮರ ಮುಟ್ಟಿದ ತಕ್ಷಣ ಕಬ್ಬಿಣವೇ ಹೊರಳ್ತದೆ. ನಿನ್ನ ಮಣಿಕಟ್ಟು ಇದರಲ್ಲಿ ಇಟ್ಟಿದೀನಿ. ನೀನು ಸೈ ಅಂದ್ರೆ ನೂರು ಮಾಡಿ ತುಮಕೂರಿಗೆ ಕಳಿಸ್ತೀನಿ."

ಎಂದಿನಂತೆ ಸದಾಶಿವಯ್ಯ ಅದಕ್ಕೆ ಕಾವು ಹಾಕಿಸಿಕೊಂಡು ಪರೀಕ್ಷೆಗೆ ಡಿಪೋಗೆ ಒಯ್ದ. ಎತ್ತಿ ಬಿಟ್ಟ, ಅಷ್ಟೇ. ಹುಣಸೆ ಬೊಡ್ಡೆ ಎರಡಾಗಿ ಅತ್ತ ಇತ್ತ ಬಿತ್ತು. ಮತ್ತೊಂದು ಇಟ್ಟ, ಅದೂ ಬಿತ್ತು. ಡಿಪೋದಲ್ಲಿ ಸೌದೆ ತೂಗುತ್ತಿದ್ದ ಚಿಕ್ಕಮಾರಮ್ಮ, ಅರವತ್ತರ ಹೆಂಗಸು, ತಮಾಷೆಗೆ ಕೊಡಲಿ ಕಿತ್ತುಕೊಂಡು ಒಂದೇಟು ಹಾಕಿದಳು. ಗಂಟುಗಂಟಾದ ಕೊರಡು ಅವಳ ಕೈಗೂ ಸೀಳಿತು.

"ಅಯ್ ಶಿವನೇ!" ಎಂದು ನಕ್ಕಳು. "ಇನ್ ಮ್ಯಾಕೆ ನಿನ್ನ ಯಾರು ಕರೀತಾರೆ ಸದಾಶಿವಣ್ಣ?"

ಅವಳು ನಕ್ಕು ಮರೆತಳು, ಅವನು ಮರೆಯಲಿಲ್ಲ. ಗುಬ್ಬಿ, ಕುಣಿಗಲ್ಲು, ಗೂಳೂರು, ಎಲ್ಲಿ ಯಾರಿಗೂ ಬಗ್ಗದ ಬೊಡ್ಡೆಯಿದ್ದರೂ ಅವನಿಗೇ ಹೇಳಿಕಳಿಸುತ್ತಿದ್ದರು. ಓದು ಬರಹವಿಲ್ಲದ, ಹೊಲ ತೋಟವಿಲ್ಲದ ಮನುಷ್ಯನಿಗೆ ಇದ್ದದ್ದು ಆ ಒಂದು ಹೆಸರು. ವಾರ ಬಿಟ್ಟು ಕೊಡಲಿಯನ್ನು ಕುಲುಮೆಗೆ ತಂದು ಕೆಳಗಿಟ್ಟ.

"ಮರದಲ್ಲಿ ಹಿಡ್ಕೊಳ್ತದೆ ಕಣಣ್ಣ," ಎಂದ.

ತಿದಿ ಒತ್ತುತ್ತಿದ್ದ ನಬಿಯ ಮಗಳು ಫಿಜಾ ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದಳು. ನಬಿ ಕೊಡಲಿಯ ದಪ್ಪ ಕೆನ್ನೆಯನ್ನು ಹೆಬ್ಬೆರಳಿನಿಂದ ಸವರಿದರು.

"ನಿನ್ನ ಕೈ ಸುಳ್ಳು ಹೇಳಲ್ಲ," ಎಂದರು. "ಹಂಗಾದ್ರೆ ತಪ್ಪು ನಂದೇ."

ಕಾವು ಬಿಚ್ಚಿ ಅದನ್ನು ಗೋಡೆಗೆ ಹಾಕಿದರು.

*

"ಅದ್ಯಾಕೆ ತಗೊಂಡ್ರಿ ಮಾಮ? ಅದು ನೀವೇ ಬೇಡ ಅಂದಿದ್ದಲ್ವಾ?"

ಫಿಜಾ ಕುಲುಮೆಯ ಬಾಗಿಲಲ್ಲಿ ನಿಂತಿದ್ದಳು. ತುಮಕೂರಿನಲ್ಲಿ ಸಂಸಾರ ಮಾಡಿಕೊಂಡಿದ್ದವಳು ಸುದ್ದಿ ಕೇಳಿ ಬೆಳಿಗ್ಗೆಯೇ ಓಡಿ ಬಂದಿದ್ದಳು. ಅತ್ತೂ ಅತ್ತೂ ಕಣ್ಣು ಬಾತಿತ್ತು.

"ಇದಕ್ಕೊಂದು ಕಾವು ಹಾಕವ್ವ. ನನ್ನ ಕೈಲಾಗಲ್ಲ."

ಅವಳು ಮೂಲೆಯಿಂದ ಕಾವು ಆರಿಸಿ, ತಲೆಗೆ ತೂರಿಸಿ, ಬೆಣೆ ಬಡಿದಳು. ಕಲಿತ ಕೈ, ಒಂದು ಏಟೂ ತಪ್ಪಲಿಲ್ಲ.

"ಹನ್ನೊಂದನೇದು ಮೂರು ವಾರದ ಹಿಂದೆ ಮುಗಿಸಿದ್ರು," ಎಂದಳು ಬಡಿಯುತ್ತಲೇ. "ಅದರ ಪರೀಕ್ಷೆಗೇ ಅಂತ ಹೋದ ವರ್ಷ ಕುಣಿಗಲ್ ರೋಡಲ್ಲಿ ಉರುಳಿಸಿದ ಮರದ ಆ ಹುಣಸೆ ಕೊರಡು ತರಿಸಿಟ್ಟಿದ್ರು. ನಿಮಗೆ ಫೋನ್ ಮಾಡಿದ್ರಂತೆ."

"ಮಾಡಿದ್ರು. ಬರೋ ವಾರ ಬರ್ತೀನಿ ಅಂದಿದ್ದೆ."

ಇಬ್ಬರೂ ಹಿತ್ತಲಿಗೆ ಬಂದರು. ತಾರಿಖ್ ಹೇಗೋ ಹೊಸ ಕೊಡಲಿಯನ್ನು ಕಿತ್ತುಕೊಂಡು ಬೆವರೊರೆಸುತ್ತಿದ್ದ. ಜನ ಸದಾಶಿವಯ್ಯನಿಗೆ ಜಾಗ ಬಿಟ್ಟರು.

"ನೀನೇ ಹಾಕವ್ವ," ಎಂದ ಅವನು.

"ನಾನಾ? ತಾರಿಖ್ ಭಾಯ್ ಕೈಲೇ ಆಗ್ಲಿಲ್ಲ."

"ಹಾಕು. ಜೋರು ಬ್ಯಾಡ. ಸುಮ್ನೆ ಎತ್ತಿ ಬುಡು."

ಫಿಜಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕೊಡಲಿ ಎತ್ತಿ ಬಿಟ್ಟಳು. ಟಪ್ ಎಂದು ಸದ್ದಾಯಿತು. ಕೊರಡು ಎರಡು ಹೋಳಾಗಿ ಬಿತ್ತು. ಒಳಗಿನ ಕಡುಗೆಂಪು ತಿರುಳು ಬಿಸಿಲಿಗೆ ಕಂಡಿತು. ಕೊಡಲಿ ಎಲ್ಲೂ ಸಿಕ್ಕದೆ ಅವಳ ಕೈಯಲ್ಲೇ ಉಳಿದಿತ್ತು.

ತಾರಿಖ್ ಬಗ್ಗಿ ಕೊಡಲಿಯ ತಲೆ ನೋಡಿದ.

"ಅಬ್ಬಾಜಾನ್ ಮಾಡಿದ್ದಾ ಇದು?" ಎಂದ ತಾರಿಖ್. ಗ್ರಿಲ್ ವೆಲ್ಡಿಂಗ್ ಅಂಗಡಿ ಇಟ್ಟ ಮೇಲೆ ಅವನು ಕುಲುಮೆಗೆ ಇಣುಕಿದವನಲ್ಲ.

"ಸದಾಶಿವಯ್ಯನ ಕೈಗುಣ ಬುಡ್ರಪ್ಪ!" ಎಂದರು ಶಿವರಾಮಯ್ಯ.

ತಾರಿಖ್ ಜೊತೆಗೆ ಉದುರಿದ ಚಕ್ಕೆಗಳನ್ನು ಒಲೆಗೆ ಒಯ್ದ. ಜನ ಹಂಡೆಯ ಕಡೆ ನಡೆದರು. ಫಿಜಾ ಮಾತ್ರ ಕೊಡಲಿ ಹಿಡಿದು ನಿಂತೇ ಇದ್ದಳು.

"ಹಿಡ್ಕೊಳ್ಳಲಿಲ್ವಲ್ಲ ಮಾಮ."

ಹುಣಸೆ ಒಣಗಿತ್ತು, ಅದಕ್ಕೇ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಅವಳಪ್ಪನೂ ನಂಬಿದ್ದರು. ಸದಾಶಿವಯ್ಯನಿಗೆ ಸುಳ್ಳು ಹೊತ್ತೂ ಹೊತ್ತೂ ಭುಜದ ನೋವಿಗಿಂತ ಹೆಚ್ಚು ಸಾಕಾಗಿತ್ತು.

"ಅವತ್ತೂ ಹಿಡ್ಕೊಂಡಿರ್ಲಿಲ್ಲ ಕಣವ್ವ. ಒಂದೇಟಿಗೆ ಬಿರೀತು. ಎಲ್ಲರ ಕೈಗೂ ಬಿರೀತದೆ ಅಂತ ಗೊತ್ತಾಯ್ತು. ಅದಕ್ಕೇ ಸುಳ್ಳು ಹೇಳ್ದೆ."

ಫಿಜಾ ಅವನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಆಮೇಲೆ ಆರು ಮಾಡಿದ್ರು," ಎಂದಳು ಮೆಲ್ಲಗೆ. "ಒಂದೊಂದು ಸೋತಾಗ್ಲೂ ಎರಡು ದಿನ ಸರಿಯಾಗಿ ಉಣ್ತಿರ್ಲಿಲ್ಲ."

ಅವಳು ಅರೆ ಹೋಳನ್ನು ನಿಲ್ಲಿಸಿ ಹಾಕಿದಳು, ಸೀಳಿತು. ಇನ್ನೊಂದು ಇಟ್ಟಳು, ಅದೂ ಸೀಳಿತು. ಒಲೆ ಧಗಧಗ ಉರಿಯಿತು. ಹಂಡೆಯಿಂದ ಹಬೆ ಎದ್ದಿತು. ಗಂಡಸರು ಬಕೆಟ್ಟು ತುಂಬಿ ಒಳಗೆ ಒಯ್ದರು.

"ನೀರು ಕಾದಾಯ್ತು ಫಿಜಾ, ಸಾಕು ಬಾ," ಎಂದು ತಾಯಿ ಮುನವ್ವರಾ ಒಳಗಿನಿಂದ ಕೂಗಿದರು.

ಫಿಜಾ ನಿಲ್ಲಿಸಲಿಲ್ಲ. ಕಣ್ಣೀರು ಮೂಗಿನ ತುದಿಗೆ ಬಂದು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. ಯಾರಿಗೂ ಬೇಡವಾದ ಸೌದೆ ಅವಳ ಕಾಲ ಸುತ್ತ ಬೀಳುತ್ತಲೇ ಇತ್ತು. ಸದಾಶಿವಯ್ಯ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ಎಡಗೈಯಿಂದ ಆಯ್ದು ಗೋಡೆಗೆ ಒಟ್ಟುತ್ತಿದ್ದ.

ಕೊನೆಗೆ ಉಳಿದದ್ದು ಗಂಟಿನ ತುಂಡು. ಅವಳು ಕೊಡಲಿ ಎತ್ತಿದಳು. ಅದು ಇಳಿದು, ಮರ ಮುಟ್ಟಿ, ಎಡಕ್ಕೆ ಒಂಚೂರು ಹೊರಳಿತು. ಅದೇ ಗಳಿಗೆಗೆ, ಮಂಡಿಯ ಮೇಲೆ ಸತ್ತಂತೆ ಬಿದ್ದಿದ್ದ ಸದಾಶಿವಯ್ಯನ ಬಲಗೈಯ ಮಣಿಕಟ್ಟೂ ತನಗೆ ತಾನೇ ತಿರುಗಿತು.