ಸಡಿಲವಾದ ನಟ್ಟುಗಳು

ಹಿರೀಸಾವೆ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಗಂಗಾಂಬಿಕೆಗೆ ಗಾಡಿಯ ಹಿಂದಿನಿಂದ ಏನೋ ಸದ್ದು ಕೇಳಿಸಿತು. ಮಕ್ಕಳ ಊಟದ ಡಬ್ಬಿ ಅಲುಗುತ್ತಿರಬೇಕು ಅಂದುಕೊಂಡಳು. ವೇಗ ಏರಿದಂತೆ ಸದ್ದೂ ಏರಿತು. ಆಮೇಲೆ ಓಮ್ನಿ ವ್ಯಾನಿನ ಹಿಂಭಾಗವೇ ಅತ್ತಿಂದಿತ್ತ ವಾಲಾಡತೊಡಗಿತು.

"ಆಂಟಿ, ಗಾಡಿ ಕುಣೀತೈತೆ!" ಎಂದು ಹಿಂದಿನ ಸೀಟಿನಿಂದ ಅತಿಶಯ್ ಕೂಗಿದ. ಉಳಿದ ಮಕ್ಕಳು ಗೊಳ್ಳೆಂದು ನಕ್ಕರು.

ಗಂಗಾಂಬಿಕೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಗಾಡಿಯನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದಳು. ಇಳಿದು ನೋಡಿದರೆ ಹಿಂದಿನ ಎಡಚಕ್ರದ ಒಂದು ಬೋಲ್ಟು ತುಂಡಾಗಿ, ನಟ್ಟಿನ ಸಮೇತ ಎಲ್ಲೋ ಬಿದ್ದುಹೋಗಿತ್ತು. ಪಕ್ಕದ ನಟ್ಟನ್ನು ಮುಟ್ಟಿದಳು. ಅದು ಬೆರಳಿಗೇ ತಿರುಗಿತು. ತೆಂಗಿನಕಾಯಿ ತುಂಬಿದ ಲಾರಿಯೊಂದು ಮೈಗೆ ತಾಗುವಂತೆ ಹಾದುಹೋಯಿತು. ಒಳಗೆ ಮಕ್ಕಳು ಇನ್ನೂ ನಗುತ್ತಿದ್ದರು.

ಚಕ್ರ ಕೂರಿಸಿದ್ದು ಅವಳ ಗಂಡ ಪಂಚಾಕ್ಷರಯ್ಯ. ಈ ಗಾಡಿಯಲ್ಲಿ ಸುತ್ತಲ ಹಳ್ಳಿಗಳ ಮಕ್ಕಳನ್ನು ಚನ್ನರಾಯಪಟ್ಟಣದ ಶಾಲೆಗೆ ಬಿಟ್ಟು ಬರುತ್ತಿದ್ದವನು ಅವನೇ. ಹೋದ ವರ್ಷ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ನಡಿಗೆ ಹೇಗೋ ಮರಳಿತು, ಮಾತೂ ಮರಳಿತು, ಕೈಯ ಕಸುವು ಮಾತ್ರ ಮರಳಲಿಲ್ಲ. ಸ್ಟೀರಿಂಗು ಗಂಗಾಂಬಿಕೆಯ ಪಾಲಿಗೆ ಬಂತು. ಆದರೂ ಗಾಡಿಯ ಆರೈಕೆಯನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತೊಳೆಯುವುದು, ಆಯಿಲ್ ನೋಡುವುದು, ಚಕ್ರ ಬದಲಿಸುವುದು ಎಲ್ಲ ಅವನದೇ.

ಅವನು ನಲ್ಲಿ ನಿಲ್ಲಿಸಿದರೆ ಅವಳು ಹೋಗಿ ಇನ್ನೊಮ್ಮೆ ತಿರುಗಿಸುವಳು. ಚಕ್ರ ಕೂರಿಸಿದರೆ, ನೀರು ತರುವ ನೆಪದಲ್ಲಿ ಹೊರಗೆ ಹೋಗಿ ನಟ್ಟುಗಳನ್ನು ಮತ್ತೆ ಬಿಗಿ ಮಾಡುವಳು. ಮೊನ್ನೆ ಸಂಜೆ ಮಾತ್ರ ಹಾಗಾಗಲಿಲ್ಲ. ಪಂಕ್ಚರ್ ಹಾಕಿಸಿದ ಚಕ್ರ ಕೂರಿಸಿ, ಅವನು ಗಾಡಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದ. "ಇವತ್ತು ಕೈ ಚೆನ್ನಾಗಿ ಇಡೀತು ಕಣೆ" ಅಂದಿದ್ದ. ಆ ಮುಖದೆದುರು ಸ್ಪ್ಯಾನರ್ ಹಿಡಿಯಲು ಅವಳಿಗೆ ಮನಸ್ಸಾಗಲಿಲ್ಲ. ನಾಳೆ ಮಾಡಿದರಾಯಿತು ಅಂದುಕೊಂಡಳು. ಮರುದಿನದ ಗಡಿಬಿಡಿಯಲ್ಲಿ ಅದು ಮರೆತೇಹೋಯಿತು.

ಅದೇ ದಾರಿಯಲ್ಲಿ ಬಂದ ಇನ್ನೊಂದು ಶಾಲೆ ವ್ಯಾನಿನ ಶಿವಯ್ಯ, ಮಕ್ಕಳನ್ನು ತನ್ನ ಗಾಡಿಗೆ ಹತ್ತಿಸಿಕೊಂಡು ಹೋದ. ಹಿರೀಸಾವೆಯ ಮೆಕ್ಯಾನಿಕ್ ರುದ್ರೇಶ ಬಂದು, ಉಳಿದ ನಟ್ಟುಗಳನ್ನು ಬಿಗಿದು, ಗಾಡಿಯನ್ನು ಆಮೆಯ ನಡಿಗೆಯಲ್ಲಿ ತನ್ನ ಶೆಡ್ಡಿಗೆ ಓಡಿಸಿಕೊಂಡು ಬಂದ.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಜಾಕು ಏರಿಸಿ ಚಕ್ರ ಬಿಚ್ಚಿದ. ಬ್ರೇಕಿನ ಡ್ರಮ್ಮು ತುಕ್ಕಿಗೆ ಅಂಟಿಕೊಂಡಿತ್ತು. ಸುತ್ತಲೂ ಸುತ್ತಿಗೆಯಿಂದ ತಟ್ಟಿ ತಟ್ಟಿ ಸಡಿಲಿಸಿದಾಗ ಕಪ್ಪು ಧೂಳು ಉದುರಿಸುತ್ತಾ ಹೊರಬಂತು. ಮುರಿದ ಬೋಲ್ಟಿನ ಬುಡ ಒಳಗೇ ಉಳಿದಿತ್ತು. ಅದನ್ನು ಹಿಂದಕ್ಕೆ ಹೊಡೆಯೋಣವೆಂದರೆ ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಅಡ್ಡ. ಆಕ್ಸಲನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಎರಡು ಶೂಗಳ ನಡುವಿನ ಸಂದಿಗೆ ಬುಡವನ್ನು ತಂದು ಜೋರಾಗಿ ಹೊಡೆದ. ತುಂಡು ಠಣ್ಣೆಂದು ಕೆಳಗೆ ಬಿತ್ತು.

ರುದ್ರೇಶ ಅದನ್ನೆತ್ತಿ ನೋಡಿದ. "ಯಾರಕ್ಕ ಇದ್ನ ಟೈಟ್ ಮಾಡಿದ್ದು? ಒಂದ್ ನಟ್ಟೂ ಸರ್ಯಾಗಿ ಕೂತಿಲ್ಲ. ಸಡ್ಲದಲ್ಲೇ ಓಡಿ ಓಡಿ ಬೋಲ್ಟ್ ಕಟ್ಟಾಗೈತೆ."

ಆಗಲೇ ಶೆಡ್ಡಿನ ಬಾಗಿಲಲ್ಲಿ ಆಟೋ ನಿಂತಿತು. ಶಿವಯ್ಯ ಫೋನ್ ಮಾಡಿ ವಿಷಯ ತಿಳಿಸಿದ್ದನೇನೋ, ಪಂಚಾಕ್ಷರಯ್ಯ ಕಾಲೆಳೆಯುತ್ತಾ ಇಳಿದು ಬಂದ. ಗಂಗಾಂಬಿಕೆ ಗಂಡನ ಕಡೆ ನೋಡದೆ, "ನಾನೇ ಕಣಪ್ಪ" ಅಂದಳು.

"ಮಕ್ಳು ಕೂರೋ ಗಾಡಿ ಅಕ್ಕ ಇದು. ಕೈಲಾಗ್ದಿದ್ಮೇಲೆ ಯಾಕ್ ಮುಟ್ಟಕ್ಕೋದ್ರಿ? ನನ್ನ ಕರೀಬಾರ್ದಾ?"

ಪಂಚಾಕ್ಷರಯ್ಯ ಏನಾದರೂ ಹೇಳುತ್ತಾನೆಂದು ಅವಳು ಕಾದಳು. ಅವನು ಗೋಡೆ ಪಕ್ಕದ ಹಳೇ ಟೈರಿನ ಮೇಲೆ ಕೂತು ನೆಲ ನೋಡತೊಡಗಿದ. ರುದ್ರೇಶ ಹೊಸ ಬೋಲ್ಟನ್ನು ಹಿಂದಿನಿಂದ ತೂರಿಸಿ, ಮುಂದೆ ವಾಷರ್‌ಗಳನ್ನಿಟ್ಟು, ನಟ್ಟು ತಿರುಗಿಸುತ್ತಾ ಅದನ್ನು ತನ್ನ ಜಾಗಕ್ಕೆ ಎಳೆದು ಕೂರಿಸಿದ. ಡ್ರಮ್ಮು ಏರಿತು, ಚಕ್ರ ಏರಿತು. ಎದುರುಬದುರಿನ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಬಿಗಿದ.

ಮಕ್ಕಳನ್ನು ಕರೆತರಲು ಇಬ್ಬರೂ ಚನ್ನರಾಯಪಟ್ಟಣಕ್ಕೆ ಹೊರಟರು. ಊರು ದಾಟಿದ ಮೇಲೆ ಅವನು ಬಾಯಿ ತೆರೆದ.

"ನೀರಿಗೆ ಅಂತ ಓಗಿ ನಟ್ಟು ಬಿಗಿ ಮಾಡ್ತಿದ್ದೆ. ನಂಗೊತ್ತಿಲ್ಲ ಅನ್ಕಂಡಿದ್ದಾ?"

ಗಂಗಾಂಬಿಕೆ ಅವನ ಕಡೆ ತಿರುಗಿದಳು. "ಗೊತ್ತಿದ್ದೂ ಸುಮ್ನಿದ್ರಾ?"

"ನೀನು ಮಾಡ್ತೀಯ ಅನ್ನೋ ಧೈರ್ಯದ ಮೇಲೇ ನಾನು ಕೈ ಆಕ್ತಿದ್ದಿದ್ದು. ಮೊನ್ನೆನೂ ಮಾಡಿರ್ತೀಯ ಅನ್ಕಂಡೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅಂಗಿದ್ರೆ, ನನ್ ಕೈಲಾಗಲ್ಲ ಅಂತ ಬಾಯ್ಬುಟ್ಟು ಏಳಕ್ಕೇನಾಗಿತ್ತು ನಿಮ್ಗೆ?"

"ನಿಮ್ ಕೈಲಾಗಲ್ಲ ಅಂತ ಏಳಕ್ಕೆ ನಿಂಗೇನಾಗಿತ್ತು?"

ಒಂದು ವರ್ಷದಿಂದ ಅವನ ಮನಸ್ಸು ನೋಯದಿರಲೆಂದು ಅವಳು ಮುಚ್ಚಿಟ್ಟಿದ್ದಳು. ಅವಳು ಮುಚ್ಚಿಡುತ್ತಾಳೆಂದು ಗೊತ್ತಿದ್ದೂ ಅವನು ಸುಮ್ಮನಿದ್ದ. ಇಬ್ಬರ ಆ ಸುಮ್ಮನಿರುವಿಕೆಯ ಮೇಲೆ ಪರರ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸಿದ್ದಾಯಿತು. ಚಕ್ರ ಕಳಚಿಕೊಂಡಿದ್ದರೆ ಎಂಬುದರಿಂದ ಮುಂದಕ್ಕೆ ಯೋಚನೆ ಹರಿಯಲಿಲ್ಲ.

ಶಾಲೆಯ ಗೇಟಿನಲ್ಲಿ ಅತಿಶಯ್‌ನ ತಾಯಿ ಚಕ್ರೇಶ್ವರಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. "ಬೆಳಿಗ್ಗೆ ಏನೋ ಆಯ್ತಂತೆ? ಮೇಷ್ಟ್ರು ಫೋನ್ ಮಾಡಿದ್ರು" ಅಂದಳು.

'ಏನಿಲ್ಲಮ್ಮ, ಪಂಕ್ಚರ್' ಎಂಬ ಮಾತು ಗಂಗಾಂಬಿಕೆಯ ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಂಚಾಕ್ಷರಯ್ಯ ಗಾಡಿಯ ಬಾಗಿಲು ಹಿಡಿದುಕೊಂಡು ಕೆಳಗಿಳಿದಿದ್ದ.

"ಚಕ್ರ ಕೂರಿಸ್ದೋನು ನಾನು ಕಣಮ್ಮ" ಅಂದ. ಗಾಬರಿಯಾದರೆ ಅವನ ನಾಲಗೆ ತೊದಲುತ್ತಿತ್ತು, ಈಗಲೂ ತೊದಲಿತು. "ಬಿಗಿ ಮಾಡೋ ಶಕ್ತಿ ನನ್ ಕೈಲಿಲ್ಲ. ಇಲ್ಲ ಅಂತ ಗೊತ್ತಿದ್ದೂ ಮಾಡ್ದೆ. ಬೋಲ್ಟ್ ಮುರ್ದೋಯ್ತು. ಇನ್ಮೇಲೆ ಮುಟ್ಟಲ್ಲ. ರುದ್ರೇಶನೇ ನೋಡ್ಕತಾನೆ."

"ನಂಗೂ ಗೊತ್ತಿತ್ತು ಕಣಮ್ಮ" ಅಂದಳು ಗಂಗಾಂಬಿಕೆ. "ನಾನೂ ನೋಡ್ದೆ ಬುಟ್ಟೆ."

ಚಕ್ರೇಶ್ವರಿ ಅವನ ಬಲಗೈ ನೋಡಿದಳು. ಏನೋ ಒರಟು ಮಾತು ಬಾಯಿಗೆ ಬಂದು ಹಿಂದಕ್ಕೆ ಹೋದಂತಿತ್ತು. ಅಷ್ಟರಲ್ಲಿ ಮಕ್ಕಳು ಓಡಿಬಂದರು. ಓಮ್ನಿಯ ಕಡೆ ಹೊರಟಿದ್ದ ಅತಿಶಯ್‌ನ ತೋಳನ್ನು ಅವಳು ಹಿಡಿದಳು. "ಇವತ್ತು ನಾನೇ ಕರ್ಕೊಂಡ್ ಹೋಗ್ತೀನಿ" ಅಂದಳು. ನಾಳೆಯ ಮಾತು ಅವಳೂ ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಗಂಗಾಂಬಿಕೆಗೆ ಅವಳ ಮೇಲೆ ಕೋಪ ಬರಲಿಲ್ಲ. ತಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಅನ್ನಿಸಿತು. ಉಳಿದ ಮಕ್ಕಳು ಹತ್ತಿ ಕೂತರು. ಪಂಚಾಕ್ಷರಯ್ಯ ಬಾಗಿಲನ್ನು ಎಡಗೈಯಿಂದ ಎಳೆದ. ಅದು ಅರ್ಧಕ್ಕೇ ನಿಂತಿತು.

"ಗಂಗಾ, ಆಗ್ತಿಲ್ಲ. ನೀನೇ ಬಂದು ಆಕು" ಅಂದ.

ಅವಳು ಇಳಿದು ಬಂದು, ಅವನೆದುರಿಗೇ ಬಾಗಿಲು ಹಾಕಿದಳು.