ಅಂಗಾಲು ಚಿವುಟುವ ಕಾಶವ್ವ

ಮಲಗಿದ ಕೂಸನ್ನು ಕಂಡರೆ ಕಾಶವ್ವನ ಕೈ ಸುಮ್ಮನಿರುತ್ತಿರಲಿಲ್ಲ. ಪುಣೆಯ ಭವಾನಿ ಪೇಠೆಯ ಆ ಚಾಳಿನಲ್ಲಿ ಯಾರ ಮನೆಯ ತೊಟ್ಟಿಲೇ ಇರಲಿ, ಹೊಸ್ತಿಲು ದಾಟಿದವಳೇ ನೇರ ಅದರೊಳಗೆ ಕೈಯಿಳಿಸಿ ಅಂಗಾಲು ಚಿವುಟುವಳು. ಕೂಸು ಬೆಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಗಂಟಲು ಹರಿಯುವಂತೆ ಅತ್ತರೆ ಮಾತ್ರ ಅವಳ ಬಿಗಿದ ದವಡೆ ಸಡಿಲಾಗುವುದು. "ಎಚ್ಚರ ಅದ" ಎಂದು ತನಗೆ ತಾನೇ ಹೇಳಿಕೊಂಡು, ಬಂದ ಕೆಲಸವೇನೆಂಬುದನ್ನು ಆಮೇಲೆ ಹೇಳುವಳು. ತಾಸುಗಟ್ಟಲೆ ತೂಗಿ ಮಲಗಿಸಿದ ತಾಯಂದಿರು ಬಿಡುತ್ತಾರೆಯೇ? "ಯವ್ವಾ, ನಿನ್ನ ಕೈಗೆ ಚೇಳು ಕಡೀಲಿ! ಈಗರ ಕಣ್ಣು ಮುಚ್ಚಿತ್ತು!" ಕಾಶವ್ವ ನಗುತ್ತಿರಲಿಲ್ಲ. ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ.

ಅಥಣಿ ಕಡೆಯ ಹೆಂಗಸು. ಎತ್ತರದ ನಿಲುವು, ಎಲುಬಿನ ಮೈ, ಎದುರಿಗೆ ಯಾರೋ ಕೂಗಿ ಕರೆದಂತೆ ದಾಪುಗಾಲಿನ ನಡಿಗೆ, ಪ್ರತಿ ಮಾತಿನ ಕೊನೆಗೂ, ಎದುರಿನವರು ದಡ್ಡರೆಂಬ ಖಾತ್ರಿಯಿಂದ, "ತಿಳೀತಿಲ್ಲೊ?" ಎಂಬ ಒಂದು ಗುದ್ದು. ಗಂಡ ಮಲಕಪ್ಪ ಧಾನ್ಯದ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಇವಳು ಬೀಡಿ ಕಾರಖಾನೆಯಲ್ಲಿ ಬೀಡಿ ಕಟ್ಟುವವಳು. ಇಪ್ಪತ್ತು ಹೆಂಗಸರ ಆ ಸಾಲಿನಲ್ಲಿ ಅವಳಷ್ಟು ಚುರುಕು ಬೆರಳು ಇನ್ನೊಬ್ಬರದಿರಲಿಲ್ಲ.

ಆದರೆ ಬೀಡಿ ಕಟ್ಟುವವಳಿಗೆ ಮಡಿಲೆಂಬುದಿಲ್ಲ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ತಂಬಾಕು, ದಾರ. ಕೂಸಿಗೆ ಜಾಗವೆಲ್ಲಿ? ಅದೇ ಊರಿನ ಸಭಾಗೃಹಗಳಲ್ಲಿ ಕೊರಳಿಗೆ ಹಾರ ಹಾಕಿಸಿಕೊಂಡು ಮಾತೃತ್ವದ ಮಹಿಮೆಯನ್ನು ವರ್ಣಿಸುವ ಮಹನೀಯರು, ಸಂಜೆ ತಾವು ಸೇದುವ ಬೀಡಿ ಯಾರ ಮಡಿಲಿನಿಂದ ಯಾವ ಕೂಸನ್ನು ಕೆಳಗಿಳಿಸಿ ಬಂದದ್ದೆಂದು ಒಂದು ದಿನವೂ ಕೇಳಿದವರಲ್ಲ.

ಹಾಗೆ ಇಳಿದ ಕೂಸುಗಳೆಲ್ಲ ಗಂಗೂಬಾಯಿಯ ಖೋಲಿಗೆ ಹೋಗುತ್ತಿದ್ದವು. ಹಲ್ಲಿಲ್ಲದ, ಅಂತಃಕರಣದ ಮುದುಕಿ. ಹನ್ನೊಂದು ಕೂಸುಗಳನ್ನು ಒಬ್ಬಳೇ ನೋಡಿಕೊಳ್ಳುವಳು. ಹೇಗೆಂದರೆ, ಮುಂಜಾನೆ ಒಂದೊಂದರ ಬಾಯಿಗೂ ಸಾಸಿವೆ ಕಾಳಿನಷ್ಟು ಅಫೀಮು. ಆಮೇಲೆ ಸಂಜೆಯವರೆಗೆ ಹನ್ನೊಂದೂ ಗಪ್‌ಚಿಪ್. ಆಗಿನ ಕಾಲಕ್ಕೆ ಅಫೀಮಿಗೆ ಪರವಾನಗಿಯ ಅಂಗಡಿಯಿತ್ತು, ಅಂಗಡಿಗೆ ಫಲಕವಿತ್ತು. ಕೂಸಿಗೆ ಮಾತ್ರ ಯಾರೂ ಇರಲಿಲ್ಲ.

ಹೆತ್ತ ಎರಡು ತಿಂಗಳಿಗೆ ಕಾಶವ್ವನೂ ಮಗಳು ಇಂದೂವನ್ನು ಅಲ್ಲಿಯೇ ಬಿಟ್ಟಳು. ಅಷ್ಟೇ ಅಲ್ಲ, ಹೆಮ್ಮೆಪಟ್ಟಳು. "ನನ್ನ ಮಗಳು ಭಾಳ ಶ್ಯಾಣ್ಯಾಕಿ, ಅಳೂದ ಇಲ್ಲ" ಎಂದು ನಳದ ಕಟ್ಟೆಯ ಮೇಲೆ ನಾಲ್ಕು ಮಂದಿಗೆ ಹೇಳಿದಳು. ಆ ಹೆಮ್ಮೆಯನ್ನು ಅವಳು ತನಗೆ ಮುಂದೆ ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಇಂದೂಗೆ ಐದು ತಿಂಗಳು ತುಂಬಿದಾಗ ಕಾರಖಾನೆಗೆ ಒಂದು ರಜೆ ಬಂತು. ಕೂಸು ಮನೆಯಲ್ಲೇ ಉಳಿಯಿತು. ಮುಂಜಾನೆಯ ಕಾಳು ತಪ್ಪಿತು. ಮಧ್ಯಾಹ್ನದ ಹೊತ್ತಿಗೆ ಮೈ ನಡುಗಿ, ಮೇಲಿಂದ ಮೇಲೆ ಸೀನಿ, ಕಾಲು ಸೆಟೆದು, ಮೊಲೆ ಕೊಟ್ಟರೂ ಒಲ್ಲದೆ ಚೀರತೊಡಗಿತು. ದೃಷ್ಟಿಯೆಂದು ಕಾಶವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಗದ್ದಲ ಕೇಳಿ ಬಂದ ಗಂಗೂಬಾಯಿ ಸೆರಗಿನ ಗಂಟು ಬಿಚ್ಚಿ, ಬೆರಳ ತುದಿಯನ್ನು ಕೂಸಿನ ಬಾಯಿಗಿಟ್ಟಳು. ಸ್ವಲ್ಪ ಹೊತ್ತಿಗೆ ಅಳು ನಿಂತಿತು.

"ನೋಡು, ಎಷ್ಟು ಆರಾಮ ಆತು," ಎಂದಳು ಮುದುಕಿ.

ಕಾಶವ್ವ ನೋಡಿದಳು. ಹಾಲಿಗೆ ಬಾಯಿ ತೆರೆಯದ ಮಗಳು ಆ ಬೆರಳನ್ನು ಹುಡುಕಿ ಹುಡುಕಿ ಚೀಪುತ್ತಿದ್ದಳು. ಕಂಚಿನ ತಾಟನ್ನು ಕೂಸಿನ ಕಿವಿಯ ಬಳಿ ನೆಲಕ್ಕೆ ಬಡಿದಳು, ಇಂದೂ ತಿರುಗಲಿಲ್ಲ. "ಆಯಿ, ಇದು ಆರಾಮ ಅಲ್ಲ," ಎಂದಳು ಕಾಶವ್ವ. "ನನ್ನ ಮಗಳು ಇಲ್ಲೇ ಇಲ್ಲ."

ದವಾಖಾನೆಯ ದಾದಿ ಪಂಕಜಾಕ್ಷಿ ಕೂಸಿನ ಕಣ್ಣರೆಪ್ಪೆ ಎತ್ತಿ ನೋಡಿ, ತಾಯಿಗೆ ಎರಡು ಬೈಗಳು ಬೈದು, ಹೇಳಿದಳು: "ಒಮ್ಮಿಗೇ ಬಿಡಿಸಬ್ಯಾಡ, ಜೀವಕ್ಕ ಬರ್ತದ. ಕಾಳು ಅರ್ಧಾ ಮಾಡು, ಅರ್ಧಾ ಹೋಗಿ ಪಾವು ಮಾಡು. ಅಳ್ತದ. ಅಳ್ಳಿ."

ಎಲೆ ಕತ್ತರಿಸುವ ಕತ್ತರಿಯ ತುದಿಯಿಂದಲೇ ಕಾಶವ್ವ ಆ ಕಾಳನ್ನು ಸೀಳತೊಡಗಿದಳು. ಅಳುವ ಕೂಸನ್ನು ಗಂಗೂಬಾಯಿ ಒಲ್ಲೆನೆಂದಳು. ಕಾಶವ್ವ ಅದನ್ನು ಬೆನ್ನಿಗೆ ಕಟ್ಟಿಕೊಂಡು ಕಾರಖಾನೆಗೇ ಹೋದಳು. ಕೆಲಸಗಾರರ ಮೇಲ್ವಿಚಾರಕನಾದ ಮುಕಾದಮ ಮಾರ್ತಾಂಡ, ಸೊಲ್ಲಾಪುರದ ಕಡೆಯವನು, ಕಿವಿಯಲ್ಲಿ ಬೆರಳಿಟ್ಟು ನಿಂತ.

"ಇದೇನು ಕಾರಖಾನೀನೋ, ಬಾಣಂತಿ ಖೋಲಿನೋ?"

"ಕೂಸು ಅಳ್ತದರಿ ಮುಕಾದಮರ, ಕೈ ಅಳಂಗಿಲ್ಲ. ಬೀಡಿ ನೋಡ್ರಿ. ತಿಳೀತಿಲ್ಲೊ?"

ಅವನು ಎಂಟು ದಿನದ ಗಡುವು ಕೊಟ್ಟ. ಅಷ್ಟರಲ್ಲಿ ಅಳು ನಿಲ್ಲದಿದ್ದರೆ ಅವಳ ಜಾಗ ಬೇರೆಯವರಿಗೆ. ಜಾಗ ಹೋದರೆ ಮಲಕಪ್ಪನೊಬ್ಬನ ಬೆನ್ನಿನ ಮೇಲೆ ಮೂರು ಹೊಟ್ಟೆ. ಅಳು ನಿಲ್ಲಿಸುವ ಉಪಾಯವೋ, ಅವಳ ಸೆರಗಿನ ಗಂಟಿನಲ್ಲೇ ಇತ್ತು. ಎಂಟನೆಯ ದಿನ ಕೂಸು ನೀಲಿಯಾಗುವಂತೆ ಚೀರಿತು. ಪಕ್ಕದಲ್ಲಿ ಕೂತ ಸುಲಭಾ, ಗಂಗೂಬಾಯಿಯ ಹನ್ನೊಂದರಲ್ಲಿ ಒಂದರ ತಾಯಿ, ಸಿಡುಕಿದಳು: "ಒಂದು ಪೂರಾ ಕಾಳು ಕೊಡಬಾರದೇನ? ನೀ ಒಬ್ಬಾಕಿನೇ ಹಡದೀಯೇನ?" ಮಾರ್ತಾಂಡ ಬಾಗಿಲಲ್ಲೇ ನಿಂತಿದ್ದ.

ಕಾಶವ್ವ ಗಂಟಿಗೆ ಕೈಹಾಕಿದಳು. ಬಿಚ್ಚಿದಳು ಕೂಡ. ಒಂದು ಕ್ಷಣ ಆ ಕರಿಯ ಕಾಳನ್ನು ನೋಡಿ, ಮತ್ತೆ ಗಂಟು ಬಿಗಿದು, ಮೊರವನ್ನೆತ್ತಿಕೊಂಡು ಎದ್ದಳು. ಮುಕಾದಮನ ಪಕ್ಕದಿಂದಲೇ ಹಾದು, ಹೊರಗೆ, ಗಟಾರದ ಪಕ್ಕದ ಮೆಟ್ಟಿಲ ಮೇಲೆ, ಉರಿಬಿಸಿಲಿನಲ್ಲಿ ಕುಳಿತಳು.

"ಅಲ್ಲ್ಯಾಕ ಕುಂತಿ?"

"ಒಳಗ ಅಳಬಾರದು ಅಂದ್ರಿ. ಬೀದಿಗೂ ನೀವ ಮುಕಾದಮರೇನ್ರಿ?"

ಒಳಗೆ ಯಾರೋ ಕಿಸಕ್ಕೆಂದರು. ಮಾರ್ತಾಂಡ ತಿರುಗಿ ಒಳಗೆ ಹೋದ. ಅವಳ ಆ ಚುರುಕು ಬೆರಳುಗಳನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಅವಳು ಅಲ್ಲೇ ಉಳಿದಳು. ಬಿಸಿಲು, ಗಟಾರದ ನಾತ, ಮೊರದಿಂದ ಏಳುವ ತಂಬಾಕಿನ ಧೂಳು: ಇದು ಒಳ್ಳೆಯ ಜಾಗವೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಾರೆ. ಮೂರು ವಾರ ಕಳೆದು, ಕತ್ತರಿಯ ತುದಿಗೆ ಸೀಳಲು ಏನೂ ಉಳಿಯದ ಮೇಲೆ, ಒಂದು ಮಧ್ಯಾಹ್ನ ಬೀದಿಯಲ್ಲಿ ಟಾಂಗಾದವನು ಗಂಟೆ ಬಾರಿಸಿದ. ಬೆನ್ನ ಮೇಲಿನ ಭಾರ ಸರಕ್ಕನೆ ಒಂದು ಬದಿಗೆ ವಾಲಿತು. ಇಂದೂ ತಿರುಗಿ ನೋಡುತ್ತಿದ್ದಳು. ಕಾಶವ್ವನ ಬೆರಳುಗಳು ಅಂದು ಮೊದಲ ಬಾರಿ ನಿಂತವು.

ಮುಂದಿನ ತಿಂಗಳು ಸುಲಭಾ ತನ್ನ ಮಗನನ್ನು ಬೆನ್ನಿಗೆ ಬಿಗಿದುಕೊಂಡು ಬಂದು, "ಅತ್ತಾಗ ಸರಿ ಯಕ್ಕಾ, ಮೆಟ್ಟಲಾ ಏನ ನಿಮ್ಮಪ್ಪಂದಲ್ಲ" ಎಂದು ಪಕ್ಕದಲ್ಲಿ ಮೊರ ಹರವಿದಳು. ಗಂಗೂಬಾಯಿಯ ಖೋಲಿಯ ಉಳಿದ ಒಂಬತ್ತು ಕೂಸುಗಳ ತಾಯಂದಿರು ಬರಲಿಲ್ಲ. ಅವರನ್ನು ನಾನು ದೂಷಿಸುವುದಿಲ್ಲ. ಆ ಮೆಟ್ಟಿಲ ಮೇಲೆ ಇಬ್ಬರಿಗಿಂತ ಹೆಚ್ಚಿಗೆ ಜಾಗವೂ ಇರಲಿಲ್ಲ.

ತಾಯಿಯೆಂದರೆ ಸಹನೆಯೆಂದು ನಾವು ಹಾಡಿ ಹೊಗಳುತ್ತೇವೆ, ಏಕೆಂದರೆ ಅವಳ ಸಹನೆ ನಮ್ಮ ಕಿವಿಗೆ ಹಿತ. ಕೂಸಿನ ಮೊದಲ ವರುಷದಲ್ಲೇ ಆ ಹೊಗಳಿಕೆಯ ಬೆಲೆ ತಿಳಿದುಕೊಂಡ ತಾಯಂದಿರು ಕೆಲವರಿರುತ್ತಾರೆ. ಅವರನ್ನು ನಾವು ಹಟಮಾರಿಗಳೆನ್ನುತ್ತೇವೆ, ಬಾಯಿಬಡಕಿಯರೆನ್ನುತ್ತೇವೆ, ಬಾಗಿಲಿನಿಂದ ಹೊರಗೆ ಕೂರಿಸುತ್ತೇವೆ. ಅವರು ಕೂರುತ್ತಾರೆ; ಲೋಕಕ್ಕೆ ಎಷ್ಟೇ ತೊಂದರೆಯಾದರೂ ತಮ್ಮ ಮಕ್ಕಳು ಎಚ್ಚರವಾಗಿಯೇ ಇರಲಿ ಎನ್ನುತ್ತಾರೆ.