ಹರಕೆಗೆ ತಂದ ಬೆಳ್ಳಿ

ಆಸ್ಪತ್ರೆಯಿಂದ ಬಂದು ರಿಕ್ಷಾ ಇಳಿಯುವಷ್ಟರಲ್ಲೇ ಆಯಿ ಸುಳ್ಳು ಹೇಳಿಬಿಟ್ಟಿದ್ದಳು. ಬೇಲೆಕೇರಿಯ ಆ ಓಣಿಯಲ್ಲಿ ಯಾರ ಮನೆಗೆ ರಿಕ್ಷಾ ಬಂದರೂ ನಾಲ್ಕು ಬಾಗಿಲು ತೆರೆಯುತ್ತವೆ. ಎದುರು ಮನೆಯ ಗಂಗೆ, ಇವರ ಗದ್ದೆಯಲ್ಲಿ ಮೂವತ್ತು ವರ್ಷ ನಾಟಿ ಮಾಡಿದವಳು, ಸೊಂಟಕ್ಕೆ ಕೈಯಿಟ್ಟು ಕೇಳಿದ್ದಳು: "ತಂಗಿಗೆ ಎಂತಾ ಆಯ್ತು ಬಾಯೋರೆ?"

"ಎದೇಲಿ ಗಂಟಿತ್ತು. ತೆಗ್ಸ್ಕ ಬಂದ್ವು," ಅಂದಳು ಆಯಿ ದಮಯಂತಿ.

ಮಗಳು ರಕ್ಷಿತಾ ಅದನ್ನು ತಿದ್ದಲಿಲ್ಲ. ಅರಿವಳಿಕೆಯ ಮಂಪರು ಇನ್ನೂ ಇಳಿದಿರಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಆ 'ಆಮೇಲೆ' ಹನ್ನೆರಡು ದಿನ ಬೆಳೆಯಿತು. ಸುಳ್ಳು ಹೆತ್ತವಳು ಆಯಿ, ಅದಕ್ಕೆ ಹಾಲೆರೆದವಳು ತಾನು ಎಂಬುದು ಅವಳಿಗೆ ಮಲಗಿದಲ್ಲೇ ಹೊಳೆಯುತ್ತಿತ್ತು.

ಮಲಗುವುದೆಂದರೆ ನಾಲ್ಕು ದಿಂಬಿಗೆ ಒರಗಿ ಅರ್ಧ ಕೂತಿರುವುದು. ಮಗ್ಗುಲಾಗುವಂತಿಲ್ಲ. ಕೈ ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ. ಜಡೆ ಹೆಣೆಯಲೂ ಆಯಿಯೇ ಬೇಕು. ತುಂಬಿದ ಕೊಡ ಬಿಡಿ, ದೊಡ್ಡ ತಂಬಿಗೆಯೂ ಭಾರ. ಹಗಲೂ ರಾತ್ರಿಯೂ ಬಿಗಿಯಾದ ಬ್ರಾ. ಮೊದಲ ಮೂರು ದಿನ ಎದೆಯ ಮೇಲೆ ಯಾರೋ ಕಡೆಯುವ ಕಲ್ಲು ಇಟ್ಟು ಮರೆತು ಹೋದ ಹಾಗಿತ್ತು. ಆಮೇಲೆ ನೋವು ಸರಿದು ಜುಮ್ಮು ಬಂತು. ಮೊಲೆತೊಟ್ಟು ಮರಗಟ್ಟಿತ್ತು, ನಡುನಡುವೆ ಕರೆಂಟು ಹೊಡೆದಂತೆ ಒಂದು ಸೆಳೆತ. ಎಡಗಡೆ ಬಾವು ಹೆಚ್ಚು, ಎರಡೂ ಸ್ವಲ್ಪ ಮೇಲಕ್ಕೇ ಕೂತಂತೆ ಕಾಣುತ್ತಿದ್ದವು. "ಇಳಿದು ಸರಿಯಾಗಿ ಕೂರೂಕೆ ಮೂರ್ನಾಲ್ಕು ತಿಂಗಳು ಬೇಕು, ಕನ್ನಡಿ ನೋಡಿ ಹೆದರಬೇಡಿ," ಎಂದಿದ್ದರು ಡಾಕ್ಟರು.

ಅವಳು ಹೆದರಲಿಲ್ಲ. ಬಾಗಿಲು ಹಾಕಿಕೊಂಡು ಕನ್ನಡಿ ನೋಡಿದಳು, ಖುಷಿಯಾಯಿತು. ಮೂವತ್ತೊಂದು ವರ್ಷ ಸೆರಗು, ದುಪಟ್ಟಾ, ಫೈಲುಗಳ ಹಿಂದೆ ಮರೆಸಿಟ್ಟ ಮೈ ಇದು. ಕದ್ರಾದ ವಿದ್ಯುತ್ ಕಚೇರಿಯಲ್ಲಿ ದುಡಿದು, ಯಾರನ್ನೂ ಕೇಳದೆ, ತಾನೇ ಬಯಸಿ ಪಡೆದದ್ದು. ಆದರೆ ಆ ಖುಷಿಯನ್ನು ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಹೊರಗೆ ಓಣಿಯ ಹೆಂಗಸರು ಗಂಜಿ ತಂದು ಪಿಸುಗುಡುತ್ತಿದ್ದರು. ರೋಗದ ಹೆಸರು ಯಾರೂ ಎತ್ತುತ್ತಿರಲಿಲ್ಲ. ಅವಳ ಮುಖ ನೋಡದೆ ಹೊದಿಕೆ ನೋಡಿ ಹೋಗುತ್ತಿದ್ದರು. ಊರಲ್ಲಿ ರೋಗಕ್ಕೆ ಮರ್ಯಾದೆಯಿತ್ತು, ಆಸೆಗೆ ಇರಲಿಲ್ಲ.

ಹನ್ನೆರಡನೇ ದಿನ ಗಂಗೆ ಬಂದಳು. ಸೆರಗಿನ ತುದಿ ಬಿಚ್ಚಿ, ಉಗುರಗಲದ ಬೆಳ್ಳಿ ತಗಡೊಂದನ್ನು ಅಂಗೈ ಮೇಲಿಟ್ಟಳು. ನಡುವೆ ಉಬ್ಬು, ಉಬ್ಬಿನ ತುದಿಗೊಂದು ಚುಕ್ಕೆ. ಕಣ್ಣುಬೇನೆಗೆ ಬೆಳ್ಳಿ ಕಣ್ಣು, ಕಾಲುನೋವಿಗೆ ಬೆಳ್ಳಿ ಕಾಲು ಹರಕೆ ಹೊರುವಂತೆ ಅವಳು ಮೊಲೆ ಹೊತ್ತಿದ್ದಳು.

"ಬೇನೆ ಇದ್ದಲ್ಲಿ ಮುಟ್ಟಿಸ್ಕ, ತಂಗಿ. ನಾಳೆ ಶುಕ್ರವಾರ, ನಿನ್ನ ಕೈಯಾರೆ ದೇವಿಗೆ ಹಾಕೂದು. ನೀ ಬಂದ ದಿನದಿಂದ ನಾ ಮೀನು ಮುಟ್ಲಿಲ್ಲ ನೋಡು."

"ತಗೊ ರಕ್ಷಿ," ಎಂದಳು ಆಯಿ. ಅವಳ ಕಣ್ಣು ಬೇಡುತ್ತಿತ್ತು.

ತೆಗೆದುಕೊಂಡರೆ ದೇವಿಯೂ ಸುಳ್ಳಿಗೆ ಸಾಕ್ಷಿ. ಆಮೇಲೆ ಸಾಯುವ ತನಕ ಅವಳು ಈ ಊರಲ್ಲಿ ಗಂಟು ತೆಗೆಸಿದವಳೇ. ಈ ಮೈ ಅವಳು ಬಯಸಿದ್ದಾಗಿ ಉಳಿಯುವುದಿಲ್ಲ, ಅವಳ ಮೇಲೆ ಬಂದೆರಗಿದ್ದಾಗುತ್ತದೆ.

"ಗಂಗಕ್ಕ, ಗಂಟು ಇರ್ಲಿಲ್ಲ."

"ಅಂದ್ರೆ?"

"ಏನೂ ತೆಗೀಲಿಲ್ಲ, ಒಳಗೆ ಇಟ್ಟದ್ದು. ನನ್ನ ಎದೆ ಸಣ್ಣದಿತ್ತು. ದೊಡ್ಡ ಮಾಡ್ಸ್ಕಂಡೆ."

ಗಂಗೆ ಆಯಿಯನ್ನು ನೋಡಿದಳು. ಆಯಿ ನೆಲ ನೋಡಿದಳು.

"ಹಂಗಾರೆ ನೀ ಸಾಯೂದಿಲ್ಲಾ?"

"ಸದ್ಯಕ್ಕಿಲ್ಲ."

"ಥೂ ನಿನ್ನ! ಬಂಗಡೆ ಮೀನು ಬುಟ್ಟಿಗಟ್ಲೆ ಬಂದ ಹೊತ್ತಲ್ಲಿ ಬರೀ ಬೇಳೆ ಸಾರು ಉಣಿಸ್ದಿ ನನ್ಗೆ. ಬಾಯೋರೆ, ನಿಮಗಾದ್ರೂ ಬಾಯಿ ಇರ್ಲಿಲ್ಲಾ?"

"ಊರಿಗೆ ಎಂತಾ ಹೇಳೂದಿತ್ತು?" ಆಯಿ ಸಿಡಿದಳು. "ಮದ್ವೆ ಆಗದ್ದ ಹುಡುಗಿ. ಯಾರಿಗೆ ಮಾಡ್ಸ್ಕಂಡ್ಳು ಅಂತ ಕೇಳಿದ್ರೆ?"

"ನಂಗೆ," ಅಂದಳು ರಕ್ಷಿತಾ. "ನಂಗೇ ಮಾಡ್ಸ್ಕಂಡೆ."

ಗಂಗೆ ಬೆಳ್ಳಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೊರಟಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಗಂಜಿ ನಿಂತಿತು. ಆಯಿ ಜಡೆ ಹೆಣೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ, ಆದರೆ ಮೂರು ದಿನ ಒಂದೇ ಒಂದು ಮಾತಿಲ್ಲದೆ ಹೆಣೆದಳು.

ನಾಲ್ಕನೆಯ ದಿನ ಹೊಲಿಗೆ ತೋರಿಸಲು ಕಾರವಾರಕ್ಕೆ ಹೋಗಬೇಕಿತ್ತು. ರಿಕ್ಷಾ ತರಿಸುತ್ತೇನೆ, ಹಿಂದಿನ ದಾರಿಯಲ್ಲಿ ಹೋಗು ಅಂತ ಆಯಿ ಮೌನ ಮುರಿದಳು. ರಕ್ಷಿತಾ ದುಪಟ್ಟಾ ಇಲ್ಲದೆ ಮುಂದಿನ ಬಾಗಿಲಿನಿಂದಲೇ ನಡೆದಳು. ಬಸ್ ಸ್ಟಾಪಿನಲ್ಲಿ ಮೀನು ಮಾರಲು ಹೊರಟ ಹೆಂಗಸರಿದ್ದರು. ಅವರಲ್ಲಿ ಕವಿತಾ ಎಂಬವಳ ನಾಲಿಗೆ ಊರಿಗೇ ಪ್ರಸಿದ್ಧ.

"ಏ ರಕ್ಷಿತಾ, ಗಾಳಿ ತುಂಬ್ಸ್ಕ ಬಂದ್ಯಂತೆ?"

"ಗಾಳಿ ಅಲ್ಲ ಕವಿತಕ್ಕ, ಸಿಲಿಕಾನು. ಗಾಳಿ ಆದ್ರೆ ನಿನ್ನ ಕಣ್ಣು ಚುಚ್ಚೇ ಇಳ್ದೋಗ್ತಿತ್ತು."

ಯಾರೋ ಕಿಸಕ್ಕೆಂದರು. ಕವಿತಾ ಮಾತ್ರ ನಗಲಿಲ್ಲ.

ಬಸ್ಸು ಬಂತು. ಕಿಕ್ಕಿರಿದಿತ್ತು. ಮೇಲಿನ ಕಂಬಿ ಹಿಡಿಯಲು ಅವಳ ಕೈ ಏಳಲಿಲ್ಲ. ಗೇರು ಬಿದ್ದಾಗ ಬೀಳುವಂತಾಯಿತು. ಕಂಡಕ್ಟರ್ ಗದರಿದ: "ಕಂಬಿ ಹಿಡ್ಕಣಿ ಮೇಡಂ!"

"ಕೈ ಎತ್ತೂಕಾಗೂದಿಲ್ಲ. ಆಪರೇಶನ್ ಆಗ್ಯದೆ, ಯಾರಾದ್ರೂ ಸೀಟು ಬಿಡಿ."

"ಎಂತಾ ಆಪರೇಶನ್?"

ಅರ್ಧ ಬಸ್ಸಿಗೆ ಉತ್ತರ ಗೊತ್ತಿತ್ತು. ಅವಳು ಹೇಗೆ ತಪ್ಪಿಸಿಕೊಳ್ಳುತ್ತಾಳೆಂದು ಎಲ್ಲರೂ ಕಾದರು.

"ಮೊಲೆಯದು," ಅಂದಳು, ಹಿಂದಿನ ಸೀಟಿಗೂ ಕೇಳುವಂತೆ. "ದೊಡ್ಡ ಮಾಡ್ಸ್ಕಂಡದ್ದು."

ಕಂಡಕ್ಟರ್ ಟಿಕೆಟ್ ಯಂತ್ರದೊಳಗೆ ಮುಖ ಹುದುಗಿಸಿದ. ಬಸ್ಸು ಹಾರವಾಡದ ತಿರುವು ದಾಟುವವರೆಗೆ ಯಾರೂ ಉಸಿರೆತ್ತಲಿಲ್ಲ. ಈ ಸಲದ ಮೌನ ತನ್ನದಲ್ಲ ಎಂಬುದು ಅವಳಿಗೆ ಹಿತವೆನಿಸಿತು.

ಕೊನೆಗೆ, ಮೊದಲೇ ನುಗ್ಗಿ ಹತ್ತಿ ಸೀಟು ಹಿಡಿದಿದ್ದ ಕವಿತಾ ಗೊಣಗುತ್ತ ಎದ್ದಳು. ಅವಳ ಮೀನು ಬುಟ್ಟಿ ಸೀಟಿನ ಮುಂದೆ ಕಾಲಿಗೆ ಅಡ್ಡವಾಗಿತ್ತು.

"ಅದನ್ನೂ ಸರ್ಸು ಕವಿತಕ್ಕ," ಎಂದಳು ರಕ್ಷಿತಾ. "ನಂಗೆ ಇನ್ನೂ ಒಂದು ತಿಂಗಳು ಭಾರ ಎತ್ತೂಕಿಲ್ಲ."